ಭಟ್ಟರ ಕಾಫಿಯ ಗುಣ

ನನ್ನ ಕೈಯ ಕಾಫಿ ಒಂದು ಲೋಟ ಹೊಟ್ಟೆಗೆ ಬಿದ್ದರೆ ಸಾಕು, ಹೆಂಡದ ಹಂಡೆಯಲ್ಲೇ ಹುಟ್ಟಿ ಅದರಲ್ಲೇ ಈಜು ಕಲಿತವನಿಗೂ ನಶೆ ಇಳಿದು, ವಿಷ್ಣು ಸಹಸ್ರನಾಮ ಕೊನೆಯಿಂದ ಮೊದಲಿನವರೆಗೆ ಬಾಯಿಗೆ ಬರುತ್ತದೆ. ಲೋಟ ತೊಳೆದ ನೀರು ನೆಕ್ಕಿದ ಬೆಕ್ಕೊಂದು ಇವತ್ತಿಗೂ ಕಣ್ಣು ಮುಚ್ಚಿಲ್ಲ. ಬೇಕಾದರೆ ನಂಬಿ, ಬೇಡವಾದರೆ ಬಿಡಿ. ಪಕ್ಕದ ಬಾರಿನಿಂದ ಬಂದು ನಮ್ಮಲ್ಲಿ ಕಾಫಿ ಕುಡಿದ ಒಬ್ಬನೇ ಒಬ್ಬ ಗಿರಾಕಿಯೂ ಆ ದಿನ ಗಾಡಿ ಗುದ್ದಿಕೊಂಡದ್ದಿಲ್ಲ. ಇದಂತೂ ಅಪ್ಪಟ ನಿಜ.

ಭಾನುವಾರ ಮಧ್ಯಾಹ್ನ ಠಾಕುರ್ಲಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಇದನ್ನೇ ಹೇಳುತ್ತಿದ್ದೆ. ಕೇಳುತ್ತಿದ್ದವಳು ತಂಗಿಯ ಮಗಳು ಅನಘ. ಕಾಲೇಜು ಹುಡುಗಿ, ಕನ್ನಡ ಸಂಘದವರ ರಸ್ತೆ ಸುರಕ್ಷಾ ಸಪ್ತಾಹಕ್ಕೆ ಓಡಾಡುತ್ತಿದ್ದಳು. ಅವಳ ಕೈಯಲ್ಲೊಂದು ಪುಟ್ಟ ಯಂತ್ರ. ಕುಡಿದವನು ಊದಿದರೆ ಕೆಂಪು ದೀಪ, ಕುಡಿಯದವನು ಊದಿದರೆ ಹಸಿರು.

“ಮಾಮ, ಸಂಘದ ಸ್ಟಾಲಲ್ಲಿ ನಿಮ್ಮ ಕಾಫಿಯನ್ನೇ ಇಡುವ. ಲೇಕಿನ್ ಪೆಹಲೇ ಟೆಸ್ಟ್ ಮಾಡ್ಬೇಕು.”

“ಟೆಸ್ಟ್ ಎಂತದ್ದು ಮಾರಾಯ್ತಿ! ಡೊಂಬಿವಲಿಯಿಂದ ಕಲ್ಯಾಣದ ತನಕ ಇರುವ ಪೊಲೀಸರೆಲ್ಲ ಈ ಫಿಲ್ಟರಿಗೆ ಸೆಲ್ಯೂಟ್ ಹೊಡೆದು ಹೋಗಿದ್ದಾರೆ.”

ಅಷ್ಟರಲ್ಲಿ ಜಯೇಶ ಒಳಗೆ ಬಂದ. ಕಾರ್ಕಳದ ಕಡೆಯವನು, ಮನೆ ಥಾಣೆಯಾಚೆಯ ಸೀವುಡ್ಸ್‌ನಲ್ಲಿ. ಪಕ್ಕದ ಬಾರಿನಲ್ಲಿ ಗೆಳೆಯನ ಪ್ರಮೋಶನ್ ಪಾರ್ಟಿ ಮುಗಿಸಿ ಬಂದಿದ್ದ. ಅವನ ಹೆಂಡತಿ ಮಾನಸಿ ಆಗಲೇ ನಮ್ಮಲ್ಲಿ ಕೂತು, ಮಡಿಲಲ್ಲಿದ್ದ ಮಗಳು ಚಿನ್ನುವಿಗೆ ಶೀರಾ ತಿನ್ನಿಸುತ್ತಿದ್ದಳು.

“ಭಟ್ರೇ, ನಿಮ್ಮ ಆ ಮದ್ದು ಕೊಡಿ. ಸೀವುಡ್ಸ್ ತನಕ ಗಾಡಿ ಓಡಿಸ್ಲಿಕ್ಕುಂಟು.”

ಅನಘಳಿಗೆ ಅಷ್ಟೇ ಬೇಕಿತ್ತು. ಯಂತ್ರವನ್ನು ಅವನ ಬಾಯಿಗೆ ಹಿಡಿದಳು. ಕೆಂಪು. ನಾನು ಕೆಂಡದಂಥ ಕಾಫಿ ತಂದಿಟ್ಟು, ಎಂದಿನಂತೆ ಚೊಂಬಿನಲ್ಲಿ ನೀರು ಹಿಡಿದುಕೊಂಡು ಹೊರಗಿನ ತುಳಸಿ ಕುಂಡದತ್ತ ಹೋದೆ. ಅಂಗಿಯ ಜೇಬು ಸವರಿಕೊಂಡು ತಿರುಗಿ ಬರುವಾಗ ಲೋಟ ಖಾಲಿಯಾಗಿತ್ತು. ಜಯೇಶ ಮತ್ತೆ ಊದಿದ. ಕೆಂಪು.

“ಅದು ಚೀನಾದ ಮೆಷಿನ್,” ಎಂದೆ. “ಅದಕ್ಕೆ ಉಡುಪಿ ಕಾಫಿಯ ಮಹಿಮೆ ಎಲ್ಲಿ ಗೊತ್ತಾಗಬೇಕು?”

ಇನ್ನೊಂದು ಲೋಟ ಕುಡಿಸಿದೆ. ಮತ್ತೆ ಕೆಂಪು. ಅನಘ ತಾನೇ ಊದಿ ನೋಡಿದಳು. ಹಸಿರು. ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು, ಖಾಲಿ ಲೋಟವನ್ನು ಮೂಸಿದಳು, ಆಮೇಲೆ ನನ್ನನ್ನು ನೋಡಿದಳು.

“ಕಾಫಿಯಿಂದ ಏನೂ ಆಗ್ತಿಲ್ಲ. ಫಿರ್ ಭೀ ಯಾರಿಗೂ ಆಕ್ಸಿಡೆಂಟ್ ಆಗಿಲ್ಲ. ಹೇಗೆ?” ಅವಳ ಕಣ್ಣು ಬಾಗಿಲಾಚೆ ಹೋಯಿತು. “ಮಾಮ, ಆ ತುಳಸಿಯ ಬುಡ ಯಾಕೆ ಕೊಳೆತಿದೆ?”

“ನನ್ನ ಭಕ್ತಿ ಜಾಸ್ತಿಯಾಗಿ.”

ಜಯೇಶ ಗಹಗಹಿಸಿದ. “ನಿನಗೆಂತ ಡೌಟು ಅನಘ? ನನಗೆ ಅನುಭವ ಉಂಟು. ಭಟ್ರಲ್ಲಿ ಕಾಫಿ ಕುಡಿದರೆ ಒಂದೇ ತಾಪತ್ರಯ. ಹೊರಗೆ ಹೋಗಿ ನೋಡಿದ್ರೆ ಟೈರು ಚಪ್ಪಟೆ! ಪ್ರತಿ ಸಲ ಥಾಣೆಯಲ್ಲಿ ಟ್ರೇನ್ ಬದಲಿಸಿ ಮನೆಗೆ ಹೋಗೋದು. ಈ ಜಾಗದ ದೋಷ. ಅದಕ್ಕೇ ಭಟ್ರೇ, ಹೋದ ಸಲ ನಿಮ್ಮ ಕಾಫಿಪುಡಿಯನ್ನೇ ಮನೆಗೆ ತಗೊಂಡು ಹೋದೆ. ಹೋದ ವಾರ ಶನಿವಾರ ಮನೆಯಲ್ಲೇ ಕೂತು ಕುಡಿದೆ, ಮೇಲೆ ನಿಮ್ಮ ಕಾಫಿ ಹಾಕಿದೆ, ಚಿನ್ನುವನ್ನು ಕೂರಿಸ್ಕೊಂಡು ಪಾಮ್ ಬೀಚ್ ರೋಡಲ್ಲಿ ಜುಮ್ಮಂತ ಹೋಗಿ ಬಂದೆ! ಡಿವೈಡರಿಗೆ ಸ್ವಲ್ಪ ಸವರಿತು, ಅಷ್ಟೇ. ಅರ್ಧ ಕಿಲೋ ಕಟ್ಟಿ. ಇನ್ನು ಇಷ್ಟು ದೂರ ಬರುವ ರಗಳೆಯೇ ಇಲ್ಲ.”

ಮಾನಸಿಯ ಕೈಯ ಚಮಚ ಮಗುವಿನ ಬಾಯಿಯ ಹತ್ತಿರವೇ ನಿಂತಿತು.

“ಡಿವೈಡರಿಗಾ? ಪಾರ್ಕಿಂಗಲ್ಲಿ ಯಾರೋ ಗೀರಿ ಹೋದ್ರು ಅಂದ್ರಿ!”

“ಭಟ್ರ ಕಾಫಿ ಕುಡಿದಿದ್ದೆ ಅಲ್ವಾ ಮಾರಾಯ್ತಿ. ಹೆದರಿಕೆ ಎಂತದ್ದು?”

 ಅವನಿಗೆಂದು ಕಪಾಟಿನಿಂದ ತೆಗೆದ ಪುಡಿಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಚಿನ್ನು ಶೀರಾ ಮೆತ್ತಿದ ಅಂಗೈ ಎತ್ತಿ ನನಗೆ ಟಾಟಾ ಮಾಡಿತು.

“ಮಾಮ,” ಅನಘ ಮೆಲ್ಲಗೆ ಅಂದಳು, “ಜೇಬಲ್ಲಿ ಏನುಂಟು, ತೋರಿಸಿ.”

ಪೊಟ್ಟಣವನ್ನು ಕಪಾಟಿಗೆ ವಾಪಸ್ ಇಟ್ಟೆ. ಅಂಗಿಯ ಜೇಬಿನಿಂದ ಟೈರಿನ ವಾಲ್ವ್ ಪಿನ್ ತೆಗೆದು ಜಯೇಶನ ಖಾಲಿ ಲೋಟದ ಪಕ್ಕ ಇಟ್ಟೆ. ಜೇಬಿನ ಬಿಸಿಗೆ ಅದಿನ್ನೂ ಬೆಚ್ಚಗಿತ್ತು.

“ಇದು ನಿನ್ನ ಗಾಡಿಯದ್ದು ಜಯೇಶ. ನನ್ನ ಕಾಫಿಗೆ ಇರುವುದು ಒಂದೇ ಗುಣ, ಬಿಸಿ. ಅದು ಆರುವ ತನಕ ನೀನು ಕೂತಲ್ಲಿಂದ ಏಳುವುದಿಲ್ಲ. ಅಷ್ಟರಲ್ಲಿ ನಾನು ತುಳಸಿಗೆ ನೀರು ಹಾಕುವ ನೆಪದಲ್ಲಿ ಹೋಗಿ ಟೈರಿನ ಗಾಳಿ ತೆಗೆದು ಬರ್ತೇನೆ. ನಶೆ ಇಳಿಸುವ ಮದ್ದು ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಹೋದ ವಾರ ಶನಿವಾರ ಸೀವುಡ್ಸ್‌ನಲ್ಲಿ ಕಾಫಿ ಇತ್ತು ಮಾರಾಯಾ, ಗಾಳಿ ತೆಗೀಲಿಕ್ಕೆ ನಾನಿರಲಿಲ್ಲ.”