ಕೂಗುವ ಮೀಟರ್

ಬಣ್ಣದ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಹೆಂಗಸರು ತಲೆ ಸುತ್ತಿ ಕೂರುವುದು ದಿನನಿತ್ಯದ ಮಾತಾಗಿತ್ತು. ಗಾಳಿಯಲ್ಲಿ ಥಿನ್ನರಿನ ಆವಿ ಮಿತಿ ಮೀರಿದರೆ ಕೂಗುವ ಮೀಟರೊಂದನ್ನು ಕೆಮಿಸ್ಟ್ ಪ್ರಫುಲ್ಲಾ ಅಲ್ಲಿಟ್ಟಳು. ಮೂರು ದಿನ ಇಟ್ಟಳು. ಮೂರು ದಿನವೂ ಅದು ಕೂಗಿತು.

“ಮೀಟರ್ ಕೆಟ್ಟಿದೆ ಕಣಮ್ಮ,” ಎಂದರು ಮ್ಯಾನೇಜರ್. “ಆ ಹೆಂಗಸರು ತಿಂಡಿ ತಿನ್ನದೆ ಬರ್ತಾರೆ. ತಲೆ ಸುತ್ತದೆ ಇನ್ನೇನಾಗತ್ತೆ?”

“ಹೋದ ತಿಂಗಳಷ್ಟೇ ಪರೀಕ್ಷೆ ಮಾಡಿಸಿದೀನಿ ಸಾರ್. ಆವಿ ಹೊರಗೆಳೆಯೋ ಫ್ಯಾನ್ ಹಾಕಿಸಲೇಬೇಕು.”

“ಎಂಎಸ್ಸಿ ಓದಿದೋರಿಗೆ ಬರೀ ಖರ್ಚೇ ಹೊಳೆಯೋದು. ಕೊಡಮ್ಮ ಇಲ್ಲಿ, ನನ್ನ ಎಸಿ ರೂಮಲ್ಲೇ ಇಡೋಣ. ಇಲ್ಲೂ ಕೂಗಿದ್ರೆ ಕೆಟ್ಟಿದೆ ಅಂತ ತಾನೇ?”

ಶೆಡ್ಡಿನ ಗೋಡೆಗೇ ಅಂಟಿಕೊಂಡಿದ್ದ ಆ ಕೋಣೆಯಲ್ಲೂ ಮೀಟರ್ ಕೂಗಿತು. ಮ್ಯಾನೇಜರ್ ಗೆದ್ದವರಂತೆ ನಕ್ಕು ಹೊಸ ಮೀಟರ್ ತರಿಸಿದರು. ಡಬ್ಬಿಯಿಂದ ತೆಗೆದು ಚಾಲೂ ಮಾಡಿದ ನಿಮಿಷಕ್ಕೆ, ಅವರ ಮೇಜಿನ ಮೇಲೆಯೇ, ಅದೂ ಕೂಗಿತು. ಅವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎದ್ದು ನಿಂತರು.

“ಈಗೇನ್ ಮಾಡೋಣ ಸಾರ್?”

“ಇನ್ನು ಒಂದು ದಿನವೂ ತಡ ಮಾಡೋ ಹಾಗಿಲ್ಲಮ್ಮ. ಜೀವದ ಪ್ರಶ್ನೆ ಇದು.”

ಇಷ್ಟು ವರ್ಷಗಳಲ್ಲಿ ಮೊದಲ ಸಲ ಪ್ರಫುಲ್ಲಾಗೆ ಅವರ ಮೇಲೆ ಒಂದಿಷ್ಟು ಗೌರವ ಮೂಡಿತು.

ಸಂಜೆಯೊಳಗೆ ಮ್ಯಾನೇಜರರ ಮೇಜು, ಕುರ್ಚಿ, ಎಸಿ ಎಲ್ಲವೂ ಗೇಟಿನ ಬಳಿಯ ಕಟ್ಟಡಕ್ಕೆ ಹೋದವು. ಖಾಲಿಯಾದ ಕೋಣೆಯ ಬಾಗಿಲ ಮೇಲೆ ‘ಮಹಿಳಾ ಕಾರ್ಮಿಕರ ವಿಶ್ರಾಂತಿ ಕೊಠಡಿ’ ಎಂಬ ಹೊಸ ಫಲಕ ಬಂತು.