ಬಾಗಿಲು ಮುಚ್ಚುವ ಹಬ್ಬದ ಹಾಡು

ಅಪ್ಪನ ಮನೆಯ ಬೀಗಕ್ಕೆ ಕೀಲಿ ಹಾಕಿದ ಬೇಬಿಯ ಕೈ ಅಲ್ಲೇ ನಿಂತಿತು. ಪಕ್ಕದ ಮನೆಯ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕುಳಿತಿದ್ದ ಸಾತವ್ವ ಏನೋ ಗುನುಗುತ್ತಿದ್ದಳು. ಬೀಸುವ ಪದವಲ್ಲ, ಭಜನೆಯೂ ಅಲ್ಲ. ಅಪ್ಪ ವರ್ಷಕ್ಕೊಮ್ಮೆ ಹಾಡುತ್ತಿದ್ದ ಹೀಬ್ರೂ ಪ್ರಾರ್ಥನೆ. ಕುರಿ ಕಾಯುವವರ ಮನೆಯ ಮುದುಕಿಯ ಬಾಯಲ್ಲಿ, ರಾಗ ಒಂದಿಷ್ಟೂ ಕೆಡದೆ!

"ದೊಡ್ಡವ್ವಾ, ಇದನ್ನ ಎಲ್ಲಿ ಕಲ್ತಿ?"

ಸಾತವ್ವ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಯಾರು, ಮಾಸ್ತರ ಮಗಳು ಬೇಬಿ ಏನು? ಹದಿನಾಕು ವರ್ಷಕ್ಕ ದಾರಿ ಸಿಕ್ಕಿತೇನವ್ವ? ಮಾಸ್ತರು ಮಣ್ಣಾಗಿ ಎರಡ ತಿಂಗಳಾತು."

ಬೇಬಿ ಬಂದು ಕಟ್ಟೆಯ ಮೇಲೆ ಕುಳಿತಳು.

ಇಂಡಿ ರೈಲು ಸ್ಟೇಶನ್ನಿನ ಮಾಸ್ತರರಾಗಿದ್ದ ಎಲಿಯಾಸರದು ಕೊಂಕಣದ ಕಡೆಯಿಂದ ಬಂದ ಯಹೂದಿ ಮನೆತನ. ಸುತ್ತ ಹತ್ತೂರಿಗೆ ಅದೊಂದೇ. ಮನೆಯಲ್ಲಿ ಮರಾಠಿ ಆಡುತ್ತಿದ್ದರಿಂದ ಊರವರು ಅವರನ್ನು ಮರಾಠರೆಂದುಕೊಂಡರು. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಅವರು ಒಲೆ ಹಚ್ಚದಿದ್ದುದನ್ನು ಕಂಡು ಹಣಮಪ್ಪನ ಒಪ್ಪತ್ತು ಎಂದು ತೀರ್ಮಾನಿಸಿದರು. ಮಾಸ್ತರರೂ ಯಾರನ್ನೂ ತಿದ್ದಲು ಹೋಗಲಿಲ್ಲ. ಬಾಗಿಲು ಮುಚ್ಚುವ ಹಬ್ಬದಂದು ಮಾತ್ರ ಮನೆಯವರೆಲ್ಲ ಬಿಳಿ ಬಟ್ಟೆ ಉಟ್ಟು, ಉಪವಾಸವಿದ್ದು, ಕದ ಹಾಕಿಕೊಂಡು ವರ್ಷದ ತಪ್ಪುಗಳಿಗೆ ದೇವರ ಕ್ಷಮೆ ಬೇಡುತ್ತಿದ್ದರು. ಮರುದಿನ ಕದ ತೆರೆದ ಕೂಡಲೇ ಬೆಲ್ಲ ಕೊಬ್ಬರಿ ಕಲಸಿದ ಅವಲಕ್ಕಿಯ ಮೊದಲ ತಟ್ಟೆ ಸಾತವ್ವನ ಮನೆಗೆ. ಒಯ್ಯುವವಳು ಎರಡು ಜಡೆಯ ಬೇಬಿ. ಎಂಥ ದಿನಗಳವು! ಅವಳು ಜಾತಿ ಬಿಟ್ಟು ಮದುವೆಯಾದ ಮೇಲೆ ಆ ಮನೆ ಅವಳಿಗೆ ಎರವಾಯಿತು. ಬರೆದ ಒಂದು ಪತ್ರಕ್ಕೂ ಅಪ್ಪ ಉತ್ತರಿಸಲಿಲ್ಲ. ಕ್ಷಮಿಸಿದನೋ ಇಲ್ಲವೋ ಎಂದು ಕೇಳೋಣವೆಂದರೆ ಈಗ ಅಪ್ಪನೇ ಇಲ್ಲ.

"ಹಬ್ಬದ ದಿನ ಒಳಗ ಮಾಸ್ತರು ಹಾಡ್ತಿದ್ರು, ಹೊರಗ ಕಟ್ಟಿ ಮ್ಯಾಲ ನಾನು," ಎಂದಳು ಸಾತವ್ವ. "ಯಾರರ ಬಂದ್ರ, ಇವತ್ತ ಕದಾ ತೆರಿಯೂದಿಲ್ಲ, ನಾಳಿ ಬರ್ರಿ ಅಂತ ಕಳಸಾಕಿ. ಮೂವತ್ತು ವರ್ಷ ಕೇಳೀನಿ. ಕಲ್ಲಿಗಿ ಹೇಳಿದ್ರೂ ಬರ್ತಿತ್ತು. ಅದರಾಗ ಇದು ಕುರಿ ಕಾಯಾಂವ ಕಟ್ಟಿದ ಪದ, ನಾ ಬಿಟ್ಟೇನೇನು?"

"ಕುರಿ ಕಾಯಾಂವ?"

"ಮಾಸ್ತರ ಹೇಳಿದ್ದು. ಎರಡ ಸಾವಿರ ವರ್ಷದ ಹಿಂದ ಅವರ ಸೀಮ್ಯಾಗ ಮಳಿ ಹೋಗಿತ್ತಂತ. ದೊಡ್ಡ ಪಂಡಿತ ಇಪ್ಪತ್ತನಾಕು ಪ್ರಾರ್ಥನಿ ಹೇಳಿದ್ರೂ ಒಂದ ಹನಿ ಬೀಳಲಿಲ್ಲ. ಆಮ್ಯಾಲೆ ಅವನ ಶಿಷ್ಯ ಎದ್ದ. ನಲವತ್ತು ವರ್ಷದ ಮಟಾ ಅಕ್ಷರ ಗೊತ್ತಿರಲಿಲ್ಲಂತ ಅವಗ, ಕುರಿ ಕಾಯತಿದ್ದ. 'ನಮ್ಮಪ್ಪಾ, ನಮ್ಮ ದೊರಿಯೇ' ಅಂತ ಎರಡ ಮಾತ ಕರದ. ಮಳಿ ಧೋ ಅಂತು. ಯಾಕಂದ್ರ ಅಂವ ಯಾರ ಮ್ಯಾಲೂ ಸಿಟ್ಟ ಇಟಗೊಂಡಾಂವ ಅಲ್ಲ."

ಬೇಬಿ ಅಪ್ಪನ ಮನೆಯ ಮುಚ್ಚಿದ ಕದದ ಕಡೆ ನೋಡಿದಳು. ಸಿಟ್ಟಿಲ್ಲದವನ ಕತೆಯನ್ನು ನೆರೆಮನೆಗೆಲ್ಲ ಹೇಳಿದ ಅಪ್ಪ, ಮಗಳ ಮೇಲಿನ ಸಿಟ್ಟನ್ನು ಮಾತ್ರ ಹದಿನಾಲ್ಕು ವರ್ಷ ಜೋಪಾನ ಮಾಡಿದ್ದ.

"ನಂಗ ಕಲಸು ದೊಡ್ಡವ್ವಾ. ಸಣ್ಣಾಕಿದ್ದಾಗ ಕಿವಿಗಿ ಹಾಕ್ಕೊಳ್ಳಲಿಲ್ಲ. ಮುಂದಿನ ವಾರ ಹಬ್ಬ ಐತಿ. ಅಪ್ಪಂದು ಅಂತ ಇದಾದ್ರೂ ಒಂದು ಇರಲಿ."

ಸಾತವ್ವ ಗಂಟಲು ಸರಿಮಾಡಿಕೊಂಡಳು. "ಅವೀನು ಮಲ್ಕೇನು..." 'ನಮ್ಮಪ್ಪಾ, ನಮ್ಮ ದೊರಿಯೇ' ಎಂಬ ಆ ಎರಡು ಮಾತು ಬಿಟ್ಟರೆ ಮುಂದಿನ ಒಂದು ಅಕ್ಷರದ ಅರ್ಥವೂ ಅವಳಿಗೆ ತಿಳಿಯದು, ಆದರೆ ಅಪ್ಪ ಉಸಿರು ಎಳೆದುಕೊಳ್ಳುತ್ತಿದ್ದ ಕಡೆಯೇ ಉಸಿರು ಎಳೆದಳು. ಬೇಬಿ ಸಾಲು ಸಾಲಾಗಿ ಹಿಂದೆಯೇ ಹೇಳುತ್ತ ಹೋದಳು. ಕೊನೆಯ ಸಾಲಿಗೆ ಬರುವಾಗ ಸಾತವ್ವ ದನಿ ತಗ್ಗಿಸಿ ಹಾಡಿದಳು, "...ತಿರ್ಸಾ."

ಬೇಬಿ ಹಿಂದೆ ಹೇಳಲಿಲ್ಲ. ಅದು ಅವಳ ಹೆಸರು. ಊರಿಗೂ ಶಾಲೆಗೂ ಅವಳು ಬೇಬಿ. ತಿರ್ಸಾ ಎಂಬುದು ದೇವರ ಮುಂದೆ ಹೇಳಲೆಂದೇ ಅಪ್ಪ ಇಟ್ಟ ಹೆಸರು. ಮನೆಯ ಹೊರಗಿನ ಯಾರಿಗೂ ಅದು ಗೊತ್ತಿರಲಿಲ್ಲ.

"ಈ ಪದದಾಗ ಆ ಮಾತು ಇಲ್ಲ ದೊಡ್ಡವ್ವಾ," ಎಂದಳು.

"ಹೌದವ್ವ, ಮೊದಲ ಇರಲಿಲ್ಲ. ನೀ ಹೋದ ವರ್ಷದಿಂದ ಹತ್ತೀತು. ಅಲ್ಲಿಗಿ ಬಂದ್ರ ಸಾಕು, ಮಾಸ್ತರ ದನಿ ಒಡೀತಿತ್ತು. ಒಮ್ಮಿ ಕೇಳೇಬಿಟ್ಟೆ: ಏನ್ರಿ ಮಾಸ್ತರ, ಎರಡ ಸಾವಿರ ವರ್ಷದ ಪದಕ್ಕ ಹೊಸಾದು ಸೇರಸೀರಲ್ಲ ಅಂತ."

"ಏನಂದ್ರು?"

"'ಇಷ್ಟ ಒಂದ ನನ್ನ ಪ್ರಾರ್ಥನಿ ಸಾತವ್ವ, ಉಳದದ್ದೆಲ್ಲಾ ಹಳೇ ಮಂದೀದು' ಅಂದ್ರು."