ಹರಿಯಬ್ಬೆಯ ರಾಣಿ ಕಾರು

ಕಾರಿನ ಹಿಂಬಾಗಿಲು ಕಿರ್ರೆಂದು ತೆರೆದುಕೊಂಡಿತು. ಮುರುಗಪ್ಪನವರು ಬೆಳಗ್ಗೆ ತಿಂದಿದ್ದ ಮಂಡಕ್ಕಿ ಒಗ್ಗರಣೆಯೆಲ್ಲ ಜಾಲಿಗಿಡದ ಬುಡ ಸೇರಿತು.

ಆ ನಾತವನ್ನು ಏನೆಂದು ಹೇಳಲಿ! ಹರಿಯಬ್ಬೆ ಊರಿನ ಮೇಲೆ ಹಾರುತ್ತಿದ್ದ ಹದ್ದುಗಳು ಹಾಗೇ ತಾಳ್ಯದ ಕಡೆ ತಿರುಗಿಬಿಟ್ಟವು. ಮೂಗು ಮುಚ್ಚಿಕೊಳ್ಳಲು ಕೈಯಿಲ್ಲವಲ್ಲ ಎಂದು ಮಾರಿಕಣಿವೆ ಅಣೆಕಟ್ಟಿನ ಮೀನುಗಳು ಅತ್ತವು. ಕೊಳೆತ ಹುಲ್ಲು, ಇಲಿಯ ಹಿಕ್ಕೆ, ಕುರಿಯ ಉಚ್ಚೆ. ಅವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ, ಹಳೆಯ ರಕ್ತದಂಥದ್ದು.

"ತುಕ್ಕು ಸಾಹುಕಾರ್ರೇ, ತುಕ್ಕು ಹಿಂಗೇ ನಾರಾದು," ಎಂದ ಮೆಕ್ಯಾನಿಕ್ ಪಾಲಣ್ಣ.

ಹಿರಿಯೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮುರುಗಪ್ಪನವರು ಕೈ ತೊಳೆದ ಮೇಲೆ ನಲ್ಲಿಯನ್ನೂ ತೊಳೆಯುವ ಮನುಷ್ಯ. ಅಂಥವರು ಈ ಹೇಸಿಗೆಗೆ ತಲೆ ತೂರಿಸಿದ್ದಕ್ಕೆ ಕಾರಣ ಒಂದೇ: ಚಿತ್ರದುರ್ಗದ ಹಳೇ ಕಾರುಗಳ ಮೆರವಣಿಗೆ. ಹೋದ ವರ್ಷ ಹೊಳಲ್ಕೆರೆಯವನೊಬ್ಬ ಡಬ್ಬಾ ಜೀಪು ತಂದು ಬಹುಮಾನದ ಕಪ್ ಗೆದ್ದಿದ್ದ. ಅಂದಿನಿಂದ ಇವರಿಗೆ ಉಂಡ ಅನ್ನ ಅರಗಿರಲಿಲ್ಲ.

ಈ ಕಾರಿಗೆ ಮಾತ್ರ ಭೂಮಂಡಲದಲ್ಲಿ ಜೋಡಿಯಿರಲಿಲ್ಲ. ಕುರಿ ಸಾಕುವವರ ಹಟ್ಟಿಯ ಮುಳ್ಳುಬೇಲಿಯ ಹೊರಗೆ, ಗಾಲಿಗಳಿಲ್ಲದೆ, ಕಲ್ಲುಗಳ ಮೇಲೆ ಒಂಟಿಯಾಗಿ ಕೂತಿತ್ತು. ಯಾರೋ ಶೋಕಿಲಾಲ ಹಿಂಭಾಗವನ್ನು ಮರದ ಚೌಕಟ್ಟು ಕಟ್ಟಿ ರೈಲಿನಷ್ಟು ಉದ್ದ ಮಾಡಿಸಿದ್ದ. ಕಿಟಕಿಗಳಿಗೆ ಪರದೆಯ ಸರಳು. ಹಿಂದಿನ ಸೀಟು ಇಲ್ಲ, ಬರೀ ಹಲಗೆ. ಚಾವಣಿಗೆ ಹೊಗೆಯ ಮಸಿ. ಮಸಿಯ ನಡುವೆ ಒಂದು ಕಬ್ಬಿಣದ ಕೊಕ್ಕೆ. ಕಾರಿಡೀ ತುಕ್ಕು ಹಿಡಿದಿದ್ದರೂ ಅದೊಂದು ಮಾತ್ರ ಕೈಯಾಡಿದ ಬಳೆಯಂತೆ ನುಣುಪಾಗಿತ್ತು.

ಹಲಗೆಯ ಸಂದಿನಲ್ಲಿ ಗಾಜಿನ ಬಳೆಯ ಚೂರುಗಳು ಸಿಕ್ಕವು.

"ರಾಣಿ ಕಾರು ಕಣಯ್ಯಾ!" ಕರವಸ್ತ್ರದೊಳಗಿಂದಲೇ ಕೂಗಿದರು ಮುರುಗಪ್ಪ. "ಪರದೆ ಸರಳು ನೋಡು. ಮಲಗೋಕೆ ಹಲಗೆ. ಕೊಕ್ಕೆಗೆ ದೀಪ. ಮಸಿ ಅಲ್ಲ ಅದು, ಸಾಂಬ್ರಾಣಿ ಹೊಗೆ!"

"ಬಾಗಿಲ ಒಳಗಡೆ ಈ ಗೀರು?" ಎಂದ ಪಾಲಣ್ಣ.

"ಇಲಿ. ಥೂ!"

ಹಟ್ಟಿಯ ಯಜಮಾನ ಜುಂಜಯ್ಯ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಅವನ ಹೆಂಡತಿ ಮುದ್ದಕ್ಕ ಬೇಲಿಯ ಹತ್ತಿರವೇ ನಿಂತು ನೋಡುತ್ತಿದ್ದಳು, ಕಾರಿನ ಬಳಿ ಸುಳಿಯಲಿಲ್ಲ. ಪಕ್ಕದಲ್ಲಿ ಬಸುರಿ ಸೊಸೆ ನೇತ್ರಾವತಿ.

"ರೊಕ್ಕ ಬ್ಯಾಡ ಸಾಮಿ," ಎಂದಳು ಮುದ್ದಕ್ಕ. "ಅದು ಓಡ್ತೈತಾ, ಅಷ್ಟು ಹೇಳ್ರಿ."

"ಓಡೋದಾ? ದಿಲ್ಲಿ ಮುಟ್ಟಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರುತ್ತೆ ಕಣಮ್ಮಾ!"

"ದಿಲ್ಲಿ ಯಾಕ್ರಿ, ಹಿರಿಯೂರು ಮುಟ್ಟಿದ್ರೆ ಸಾಕು. ಹಿಂದೆ ಸೀಟು ಹಾಕಬ್ಯಾಡ್ರಿ. ಆ ಕೊಕ್ಕೆ ಕೀಳಬ್ಯಾಡ್ರಿ. ನಾ ಕರೆದ ದಿನ ಒಂದ್ಸಲ ತಂದು ತೋರಿಸ್ರಿ." ಸೊಸೆಯ ಕಡೆ ತಿರುಗಿದಳು. "ಹೋದ ಸಲದ್ದು ಇವಳ ಕೂಸು ಉಳೀಲಿಲ್ಲ. ಈ ಸಲ ಉಳೀಬೇಕು."

ಕಾರಿಗೂ ಕೂಸಿಗೂ ಏನು ಸಂಬಂಧ ಎಂದು ಮುರುಗಪ್ಪ ಕೇಳಲಿಲ್ಲ. ಬಡವರು, ದುಃಖ ಹೇಳಿಕೊಂಡರು, ಅಷ್ಟೇ. ರಾಣಿ ಕಾರಿನ ಅಸಲಿತನ ಈ ಮುದುಕಿಗೂ ಗೊತ್ತಲ್ಲ ಎಂದು ಮಾತ್ರ ಬೆರಗಾದರು.

ಮುಂದಿನ ತಿಂಗಳುಗಳಲ್ಲಿ ಹಿರಿಯೂರಿನ ಫಿನಾಯಿಲೆಲ್ಲ ಆ ಕಾರಿನ ಹೊಟ್ಟೆ ಸೇರಿತು. ಪಾಲಣ್ಣ ಉಜ್ಜಿದ ತುಕ್ಕನ್ನು ಗುಡ್ಡೆ ಹಾಕಿದ್ದರೆ ಚಿತ್ರದುರ್ಗಕ್ಕೆ ಎಂಟನೇ ಸುತ್ತು ಕೋಟೆ ಕಟ್ಟಬಹುದಿತ್ತು. ಎಷ್ಟು ತೊಳೆದರೂ ಹಲಗೆಯ ಕಂದು ಕಲೆ ಹೋಗಲಿಲ್ಲ. ಕುಂಕುಮದ್ದಿರಬೇಕು ಎಂದುಕೊಂಡರು ಮುರುಗಪ್ಪ, ಆದರೂ ವಾಂತಿ ಬಂತು. ಕೊನೆಗೆ ಕೆಂಪು ಬಣ್ಣ ಬಳಿದು, ರೇಷ್ಮೆ ಪರದೆ ಕಟ್ಟಿ, ಬಾಗಿಲ ಮೇಲೆ ಬಂಗಾರದ ಅಕ್ಷರದಲ್ಲಿ 'ರಾಣಿ' ಎಂದು ಬರೆಸಿದರು.

ಮೆರವಣಿಗೆಯ ದಿನ ಬೆಳಗ್ಗೆಯೇ ಫೋನು.

"ಇವತ್ತೇ ತರ್ರಿ ಸಾಮಿ. ಈಗಲೇ," ಎಂದಳು ಮುದ್ದಕ್ಕ.

ನೋಡುವ ಆಸೆ ಎಷ್ಟಿದೆ ಇವಳಿಗೆ! ಮುರುಗಪ್ಪ ಉಬ್ಬಿದರು. ಹಟ್ಟಿಗೆ ಮುಖ ತೋರಿಸಿ ದುರ್ಗಕ್ಕೆ ಹೋದರಾಯಿತು.

"ಎಂಜಿನ್ ಮಾತ್ರ ಆಫ್ ಮಾಡಬ್ಯಾಡ್ರಿ," ಎಂದ ಪಾಲಣ್ಣ. "ಬಿಸಿ ಇದ್ದಾಗ ಆರಿದ್ರೆ ಮತ್ತೆ ಏಳಾದು ಕಷ್ಟ."

ಬೇಲಿಯ ಹೊರಗೆ ಹಟ್ಟಿಯೇ ನೆರೆದಿತ್ತು. ಜುಂಜಯ್ಯ ಮುಂದೆ ಬಂದ. "ರಿಪೇರಿಗೆ ಹೋಗೈತೆ ಅಂದಿದ್ಲು ಇವಳು. ಭೇಷ್! ಸರಿಯಾದ ಹೊತ್ತಿಗೇ ತಂದೀರಿ. ಆ ಕಲ್ಲಿನತ್ರ ನಿಲ್ಲಿಸ್ರಿ, ಎಂಜಿನ್ ಆರಿಸ್ರಿ."

ಹಿಂಬಾಗಿಲು ತೆರೆದು ಅವನು ದೂರ ಸರಿದ. ನೇತ್ರಾವತಿ ಹೊಟ್ಟೆ ಹಿಡಿದು, ಹಲ್ಲು ಕಚ್ಚಿಕೊಂಡು ಒಳಗೆ ಹತ್ತಿದಳು. ಹಲಗೆಯ ಮೇಲೆ ಒರಗಿ, ಕೈ ಚಾಚಿ ಕೊಕ್ಕೆಗೆ ಜೋತುಬಿದ್ದಳು. ಒಂದು ಬಳೆ ಚಟ್ಟೆಂದಿತು.

"ಏಯ್, ರಾಣಿ ಕಾರದು!" ಅರಚಿದರು ಮುರುಗಪ್ಪ.

"ಯಾವ ರಾಣಿರೀ?" ಜುಂಜಯ್ಯ ನಕ್ಕ. "ಹೆರೋ ಹೆಂಗಸು ಹಟ್ಟಿಯೊಳಗೆ ಇರಂಗಿಲ್ಲ. ನಮ್ಮವ್ವನ ಕಾಲದಿಂದ ಇದರಾಗೇ ಹಾಕಾದು. ದೇವರ ಕಟ್ಟು, ಮೀರಂಗಿಲ್ಲ. ನನ್ನ ಹೆಂಡ್ತೀನೂ ಇದರಾಗೇ ಮೂರು ಹೆತ್ತಳು, ಒಂದು ಉಳೀತು."

ಮುರುಗಪ್ಪ ಸ್ಟೀರಿಂಗ್ ಹಿಡಿದೇ ಹಿಂದೆ ತಿರುಗಿ ಹಿಂಬಾಗಿಲ ಒಳಮೈಯನ್ನು ನೋಡಿದರು. ಬಣ್ಣದ ಅಡಿಯಿಂದ ಗೀರುಗಳು ಇನ್ನೂ ಕಾಣುತ್ತಿದ್ದವು. ಇಲಿಯ ಉಗುರು ಅಷ್ಟು ದಪ್ಪವಿರುವುದಿಲ್ಲ. ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಈ ಸಲ ನಾತಕ್ಕಲ್ಲ, ಬರೀ ಫಿನಾಯಿಲಿನ ಘಮವಿತ್ತು.

ಮುದ್ದಕ್ಕ ಸರಸರನೆ ಹತ್ತಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಬಾಗಿಲು ಎಳೆದುಕೊಂಡಳು. ಗುರುಗುಟ್ಟುತ್ತಲೇ ಇದ್ದ ಎಂಜಿನ್ನಿನ ಸದ್ದನ್ನು ಒಂದು ಗಳಿಗೆ ಕಿವಿಗೊಟ್ಟು ಕೇಳಿದಳು.

"ಕಾರು ಹತ್ತಬೇಕು ಅಂತ ಕಟ್ಟು ಐತೆ ಸಾಮಿ, ಕಾರು ನಿಂತಿರಬೇಕು ಅಂತ ಯಾವ ದೇವರೂ ಹೇಳಿಲ್ಲ, ಹೊಡೀರಿ ಆಸ್ಪತ್ರೆಗೆ."